ಸುಸ್ಥಿರ ಅಭಿವೃದ್ಧಿಯ ಮೂರು ವೃತ್ತಗಳು: ಕುದುರೆಮುಖದಲ್ಲಿ ಒಂದು ಪರೀಕ್ಷೆ

ನೀವು ಅಧ್ಯಾಪಕರಾಗಿದ್ದರೆ ಈ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಒಮ್ಮೆಯಾದರೂ ಬರೆದಿರುತ್ತೀರಿ. ವಿದ್ಯಾರ್ಥಿಯಾಗಿದ್ದರೆ ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಗಳಿಸಿರುತ್ತೀರಿ. ಒಂದನ್ನೊಂದು ಛೇದಿಸುವ ಮೂರು ವೃತ್ತಗಳು. ಒಂದರಲ್ಲಿ ‘ಪರಿಸರ’, ಇನ್ನೊಂದರಲ್ಲಿ ‘ಸಮಾಜ’, ಮತ್ತೊಂದರಲ್ಲಿ ‘ಅರ್ಥವ್ಯವಸ್ಥೆ’. ಮೂರೂ ಕೂಡುವ ನಡುವಿನ ಸಣ್ಣ ಭಾಗಕ್ಕೆ ಗೆರೆ ತುಂಬಿ ‘ಸುಸ್ಥಿರ ಅಭಿವೃದ್ಧಿ’ ಎಂದು ಹೆಸರಿಟ್ಟರೆ ಪಾಠ ಮುಗಿದಂತೆ. ಕೆಳಗೆ ಒಂದು ವಾಕ್ಯ: ಈ ಮೂರರ ನಡುವೆ ಸಮತೋಲನ ಸಾಧಿಸಬೇಕು.

ಚಿತ್ರ ಸರಳವಾಗಿದೆ, ನೆನಪಿನಲ್ಲಿ ಉಳಿಯುತ್ತದೆ. ಆದರೆ ಭೌತಶಾಸ್ತ್ರದ ತರಗತಿಯಲ್ಲಿ ‘ಸಮತೋಲನ’ ಎಂಬ ಪದ ಬಂದಾಗ ನಾವು ಏನೇನು ಕೇಳುತ್ತೇವೆ ಎಂಬುದನ್ನು ನೆನಪಿಸಿಕೊಳ್ಳಿ. ಯಾವ ಬಲಗಳು? ಅವುಗಳ ಪರಿಮಾಣ ಎಷ್ಟು? ಯಾವ ಮಾನದಲ್ಲಿ? ಯಾವ ಬಿಂದುವಿನ ಸುತ್ತ? ಇವಕ್ಕೆ ಉತ್ತರ ಕೊಡದೆ ‘ತೊಲೆ ಸಮತೋಲನದಲ್ಲಿದೆ’ ಎಂದಷ್ಟೇ ಬರೆದ ವಿದ್ಯಾರ್ಥಿಗೆ ಅಂಕ ಸಿಗುವುದಿಲ್ಲ. ಮೂರು ವೃತ್ತಗಳ ಚಿತ್ರಕ್ಕೆ ಮಾತ್ರ ಪೂರ್ಣ ಅಂಕ ಸಿಗುತ್ತಿದೆ. ಈ ಲೇಖನದ ತಕರಾರು ಇಷ್ಟೇ. ಯಾವ ಮಾನದಲ್ಲಿ ತೂಗಿದ್ದು, ಎಷ್ಟು ಕಾಲಕ್ಕೆ ಲೆಕ್ಕ ಹಾಕಿದ್ದು, ಗಡಿ ಎಲ್ಲಿ ಎಳೆದದ್ದು ಎಂದು ಹೇಳದ ಸಮತೋಲನದಿಂದ ಯಾವ ತೀರ್ಮಾನವನ್ನಾದರೂ ಸಮರ್ಥಿಸಬಹುದು. ಎರಡು ವಿರುದ್ಧ ತೀರ್ಮಾನಗಳನ್ನು ಒಂದೇ ಚಿತ್ರ ಸಮರ್ಥಿಸುವಂತಿದ್ದರೆ ಅದು ನಮಗೆ ಏನನ್ನೂ ಹೇಳುತ್ತಿಲ್ಲವೆಂದೇ ಅರ್ಥ.

ಚಿತ್ರ ಬಂದದ್ದೆಲ್ಲಿಂದ?

ಬಹಳ ಮಂದಿ ಈ ಚಿತ್ರ ಬ್ರುಂಟ್‌ಲಾಂಡ್ ವರದಿಯಿಂದ ಬಂದದ್ದೆಂದು ತಿಳಿದಿದ್ದಾರೆ. ನಾರ್ವೆಯ ಪ್ರಧಾನಿಯಾಗಿದ್ದ ಗ್ರೊ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ 1987ರಲ್ಲಿ ಈ ವರದಿ ನೀಡಿತು. ಮುಂದಿನ ಪೀಳಿಗೆಗಳು ತಮ್ಮ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಧಕ್ಕೆ ತಾರದಂತೆ ಇಂದಿನ ಅಗತ್ಯಗಳನ್ನು ಪೂರೈಸುವುದು ಎಂಬ ಅರ್ಥದ ಅದರ ವ್ಯಾಖ್ಯೆ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಆದರೆ ವರದಿ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಉಸಿರಿನಲ್ಲಿ ಅದು ಎರಡು ವಿಷಯಗಳನ್ನು ಸೇರಿಸುತ್ತದೆ. ‘ಅಗತ್ಯ’ ಎಂದರೆ ಮೊದಲಿಗೆ ಜಗತ್ತಿನ ಬಡವರ ಅಗತ್ಯ. ಎರಡನೆಯದಾಗಿ, ಪರಿಸರ ಹೊರಬಲ್ಲ ಹೊರೆಗೆ ಮಿತಿ ಇದೆ, ಆ ಮಿತಿ ನಮ್ಮ ತಂತ್ರಜ್ಞಾನ ಮತ್ತು ಸಮಾಜ ವ್ಯವಸ್ಥೆಯ ಸ್ಥಿತಿಯನ್ನು ಅವಲಂಬಿಸಿದೆ. ಅಂದರೆ ಒಂದು ಆದ್ಯತೆ, ಒಂದು ಮಿತಿ. ಪಠ್ಯಪುಸ್ತಕಗಳು ಮೊದಲ ವಾಕ್ಯವನ್ನು ಉಳಿಸಿಕೊಂಡು ಈ ಎರಡನ್ನೂ ಬಿಟ್ಟಿವೆ. ಮೂರು ವೃತ್ತಗಳಲ್ಲಿ ಆದ್ಯತೆಯೂ ಇಲ್ಲ, ಮಿತಿಯೂ ಇಲ್ಲ; ಇರುವುದು ಸಮಾನ ಗಾತ್ರದ ಮೂರು ಬಳೆಗಳು.

ವೃತ್ತಗಳ ಮೂಲವನ್ನು ಹುಡುಕಿದವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಬಾರ್ಬಿಯರ್ 1987ರ ಲೇಖನವೊಂದರಲ್ಲಿ ಜೈವಿಕ, ಆರ್ಥಿಕ, ಸಾಮಾಜಿಕ ವ್ಯವಸ್ಥೆಗಳನ್ನು ಹೀಗೆ ತೋರಿಸಿದ್ದರು. 1994ರಲ್ಲಿ ಜಾನ್ ಎಲ್ಕಿಂಗ್ಟನ್ ಕಂಪನಿಗಳು ಲಾಭವೊಂದನ್ನೇ ನೋಡದೆ ಮೂರು ಲೆಕ್ಕಗಳನ್ನು ಇಡಬೇಕೆಂದರು. 2002ರ ಜೋಹಾನ್ಸ್‌ಬರ್ಗ್ ಶೃಂಗಸಭೆಯ ಘೋಷಣೆಯಲ್ಲಿ ಇವು ‘ಕಂಬ’ಗಳಾದವು. ಬೆನ್ ಪರ್ವಿಸ್ ಮತ್ತು ಸಂಗಡಿಗರು 2019ರಲ್ಲಿ ಈ ಪರಂಪರೆಯನ್ನೆಲ್ಲ ಜಾಲಾಡಿ, ಮೂರು ಕಂಬಗಳಿಗೆ ಒಂದು ನಿರ್ದಿಷ್ಟ ಮೂಲವೂ ಗಟ್ಟಿಯಾದ ಸೈದ್ಧಾಂತಿಕ ತಳಹದಿಯೂ ಕಾಣುವುದಿಲ್ಲವೆಂದು ತೋರಿಸಿದರು. ಅದಕ್ಕೆ ಒಂದು ವರ್ಷ ಮೊದಲು ಸ್ವತಃ ಎಲ್ಕಿಂಗ್ಟನ್ ಅವರೇ, ದೋಷ ಕಂಡ ವಾಹನಗಳನ್ನು ಕಾರ್ಖಾನೆ ವಾಪಸು ಕರೆಸಿಕೊಳ್ಳುವ ಹಾಗೆ ತಮ್ಮ ‘ಮೂರು ಲೆಕ್ಕ’ಗಳನ್ನು ವಾಪಸು ಪಡೆಯುತ್ತಿರುವುದಾಗಿ ಬರೆದರು. ಕಂಪನಿಗಳು ಅದನ್ನು ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಸರಿದೂಗಿಸುವ ಜಮಾಖರ್ಚಿನ ಉಪಾಯವಾಗಿ ಬಳಸಿಕೊಂಡವು ಎಂಬುದು ಅವರ ದೂರು. ನಮ್ಮ ಪಠ್ಯಗಳಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.

ಇದೆಲ್ಲ ಪುಸ್ತಕದ ಮಾತಾಯಿತು. ಚಿತ್ರವನ್ನು ಒಂದು ನಿಜವಾದ ಬೆಟ್ಟದ ಮೇಲಿಟ್ಟು ನೋಡೋಣ.

ಕುದುರೆಮುಖದ ಲೆಕ್ಕ

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಪ್ರದೇಶವನ್ನು ಆರಿಸಿಕೊಳ್ಳಲು ಕಾರಣವಿದೆ. ಮೂರು ವೃತ್ತಗಳೂ ಅಲ್ಲಿ ಭರ್ತಿಯಾಗಿದ್ದವು, ಮತ್ತು ಕಥೆ ಆರಂಭದಿಂದ ಗಣಿಯ ಮುಕ್ತಾಯದವರೆಗೆ ನಮ್ಮ ಕಣ್ಣ ಮುಂದಿದೆ. ಅಲ್ಲಿನ ಮ್ಯಾಗ್ನಟೈಟ್ ಅದಿರಿನ ನಿಕ್ಷೇಪ 20ನೆಯ ಶತಮಾನದ ಆರಂಭದಿಂದಲೂ ಮೈಸೂರಿನ ಭೂವಿಜ್ಞಾನಿಗಳಿಗೆ ಗೊತ್ತಿತ್ತು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹೀಗಾಗಿ ಯಾರೂ ಮುಟ್ಟಿರಲಿಲ್ಲ. 1969ರಲ್ಲಿ 30 ವರ್ಷಗಳ ಗುತ್ತಿಗೆ ಆಯಿತು. 1975ರಲ್ಲಿ ಇರಾನ್ ದೇಶ 63 ಕೋಟಿ ಡಾಲರ್ ಸಾಲ ಕೊಟ್ಟು ಅದಿರು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಕೇಂದ್ರ ಸರ್ಕಾರದ ಉದ್ಯಮವಾಗಿ ಹುಟ್ಟಿತು. 1979ರ ಕ್ರಾಂತಿಯ ನಂತರ ಇರಾನ್ ಕೈಬಿಟ್ಟಿತು. ಆ ಹೊತ್ತಿಗೆ ಗಣಿ, ಕಾರ್ಖಾನೆ, ಪಟ್ಟಣ ಎಲ್ಲ ಎದ್ದು ನಿಂತಿದ್ದವು. ಬೇರೆ ಗಿರಾಕಿಗಳನ್ನು ಹುಡುಕಿ ಕೆಲಸ ಮುಂದುವರಿಯಿತು. (ಒಬ್ಬನೇ ಗಿರಾಕಿಯನ್ನು ನಂಬಿ ಬೆಟ್ಟ ಅಗೆಯುವುದು ಆರ್ಥಿಕ ವೃತ್ತದ ಒಳಗೇ ಎಷ್ಟು ಸುಸ್ಥಿರ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬಿಡೋಣ.)

ಈಗ ಎಂಟನೆಯ ತರಗತಿಯ ಮಗುವೂ ಮಾಡಬಹುದಾದ ಒಂದು ಲೆಕ್ಕ. ಕಂಪನಿಯ ಸ್ಥಾಪಿತ ಸಾಮರ್ಥ್ಯ ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕರಿಸಿದ ಅದಿರು. ಅದಕ್ಕಾಗಿ ಅಗೆಯಬೇಕಾದ ಕಚ್ಚಾ ಅದಿರು ಸುಮಾರು 2 ಕೋಟಿ 26 ಲಕ್ಷ ಟನ್. ರಾಶಿ ಸಂರಕ್ಷಣಾ ನಿಯಮದ ಪ್ರಕಾರ ಉಳಿದ 1 ಕೋಟಿ 51 ಲಕ್ಷ ಟನ್ ಎಲ್ಲಿಗೂ ಹೋಗುವುದಿಲ್ಲ. ಒಂದು ಟನ್ ಮಾರುವ ಸರಕಿಗೆ ಎರಡು ಟನ್ ತ್ಯಾಜ್ಯ. ಕಚ್ಚಾ ಅದಿರಿನಲ್ಲಿ ಕಬ್ಬಿಣ ಸುಮಾರು ಶೇ. 38, ಸಾಂದ್ರ ಅದಿರಿನಲ್ಲಿ ಸುಮಾರು ಶೇ. 67. ಹಾಗಾದರೆ ಒಳಗೆ ಹೋದ ಕಬ್ಬಿಣ ಸುಮಾರು 86 ಲಕ್ಷ ಟನ್, ಹೊರಬಂದದ್ದು 50 ಲಕ್ಷ ಟನ್. ಮಿಕ್ಕ 36 ಲಕ್ಷ ಟನ್ ತ್ಯಾಜ್ಯದಲ್ಲೇ ಉಳಿಯುತ್ತದೆ. ಅಂದರೆ ಆ ತ್ಯಾಜ್ಯದಲ್ಲೂ ಶೇ. 23ಕ್ಕಿಂತ ಹೆಚ್ಚು ಕಬ್ಬಿಣ. ಇವು ಪೂರ್ಣ ಸಾಮರ್ಥ್ಯದ ಅಂಕಿಗಳು, ಉತ್ಪಾದನೆ ಎಲ್ಲ ವರ್ಷಗಳಲ್ಲೂ ಅಷ್ಟಿರಲಿಲ್ಲ. ಅನುಪಾತ ಮಾತ್ರ ಬದಲಾಗದು.

ನುಣ್ಣಗೆ ಅರೆದ ಈ ತ್ಯಾಜ್ಯವನ್ನು ನೀರಿನೊಡನೆ ಕಲಸಿ ಹರಿಸಿ ತುಂಬಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಮಣ್ಣಿನ ಅಣೆಕಟ್ಟು ಕಟ್ಟಲಾಯಿತು. ಹಂತಹಂತವಾಗಿ ಅದು ಸುಮಾರು 100 ಮೀಟರ್ ಎತ್ತರಕ್ಕೆ ಬೆಳೆಯಿತು. ಸಾಂದ್ರ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರು ಸೇರುತ್ತಿತ್ತು. ಲಾರಿಗಳಿಲ್ಲ, ಧೂಳಿಲ್ಲ, ಇಳಿಜಾರೇ ಬಹುಪಾಲು ಕೆಲಸ ಮಾಡುತ್ತಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಮೆಚ್ಚಬೇಕಾದದ್ದೇ. ಬಳ್ಳಾರಿಯ ಗಣಿರಸ್ತೆಗಳನ್ನು ಕಂಡವರಿಗೆ ಈ ಮೆಚ್ಚುಗೆ ಇನ್ನೂ ಹೆಚ್ಚಾದೀತು.

ಇನ್ನೊಂದು ಕಡೆ, ಅದೇ ಬೆಟ್ಟಗಳು ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಪಡೆಯುವ ಶೋಲಾ ಕಾಡು ಮತ್ತು ಹುಲ್ಲುಗಾವಲು. ಹತ್ತಿರದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ಸಿಂಗಳೀಕಗಳ ಮುಖ್ಯ ನೆಲೆಗಳಲ್ಲಿ ಇದೂ ಒಂದು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಮೊದಲ ಬಾರಿಗೆ ಅಧಿಸೂಚಿಸಲಾಯಿತು. 2001ರಲ್ಲಿ ಅಂತಿಮ ಅಧಿಸೂಚನೆ ಬಂತು. ಗುತ್ತಿಗೆ 1999ರಲ್ಲಿ ಮುಗಿದಾಗ ನವೀಕರಣದ ಪ್ರಶ್ನೆ ಎದ್ದಿತು. ಇಲ್ಲಿ ನೀವು ಗಮನಿಸಬೇಕಾದ ಸಂಗತಿ ಒಂದಿದೆ. ಗಣಿ ಮುಂದುವರಿಯಬೇಕು ಎಂದವರೂ, ನಿಲ್ಲಬೇಕು ಎಂದವರೂ ‘ಸುಸ್ಥಿರ ಅಭಿವೃದ್ಧಿ’ ಎಂಬ ಅದೇ ಪದವನ್ನು ಬಳಸಿದರು. ಮೊದಲನೆಯವರು ವಿದೇಶಿ ವಿನಿಮಯ, ಸಾವಿರಾರು ಕುಟುಂಬಗಳ ಜೀವನ, ಶಾಲೆ, ಆಸ್ಪತ್ರೆ, ನೆಟ್ಟ ಗಿಡಗಳ ಲೆಕ್ಕ ತೋರಿಸಿದರು. ಎರಡನೆಯವರು ನದಿ, ಕಾಡು, ಕೆಳಗಿನ ರೈತರ ಲೆಕ್ಕ ತೋರಿಸಿದರು. ಮೂರು ವೃತ್ತಗಳ ಚಿತ್ರ ಇಬ್ಬರ ಕೈಯಲ್ಲೂ ಇತ್ತು.

ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿತು. ಆಗಲೇ ಅಗೆದಿದ್ದ ಜಾಗದಲ್ಲಿ 2005ರ ಕೊನೆಯವರೆಗೆ ಮಾತ್ರ ಕೆಲಸ, ನಂತರ ಗಣಿ ಮುಚ್ಚತಕ್ಕದ್ದು ಎಂಬುದು ಅದರ ಸಾರ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಯಾವ ಮಾನದಲ್ಲಿ ತೂಗುವುದು?

ಆರ್ಥಿಕ ವೃತ್ತದ ಮಾನ ರೂಪಾಯಿ. ಪರಿಸರ ವೃತ್ತಕ್ಕೆ ಹೆಕ್ಟೇರ್, ಪ್ರಭೇದಗಳ ಸಂಖ್ಯೆ, ಒಂದು ಲೀಟರ್ ನೀರಿನಲ್ಲಿರುವ ಹೂಳಿನ ಮಿಲಿಗ್ರಾಂ. ಸಮಾಜದ ವೃತ್ತಕ್ಕೆ ಉದ್ಯೋಗ, ಆರೋಗ್ಯ, ನೆಲದ ಹಕ್ಕು. ಮೀಟರನ್ನು ಕಿಲೋಗ್ರಾಮಿಗೆ ಕೂಡಿಸಲಾಗದು ಎಂದು ನಾವೇ ಕಲಿಸುತ್ತೇವೆ. ಸಮತೋಲನ ಮಾಡಬೇಕಾದರೆ ಎಲ್ಲವನ್ನೂ ಒಂದು ಮಾನಕ್ಕೆ ತರಬೇಕು. ವ್ಯವಹಾರದಲ್ಲಿ ಅದು ರೂಪಾಯಿಯೇ ಆಗುತ್ತದೆ. ಕಾಡಿಗೆ ಬೆಲೆ ಕಟ್ಟಿ, ಅಷ್ಟು ಹಣ ಕಟ್ಟಿಸಿಕೊಂಡು ಬೇರೆಡೆ ಗಿಡ ನೆಟ್ಟರೆ ಲೆಕ್ಕ ಸರಿಹೋಯಿತು ಎಂಬ ಭಾವನೆ ಇಲ್ಲಿಂದ ಬರುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ದುರ್ಬಲ ಸುಸ್ಥಿರತೆ ಎಂದು ಹೆಸರು: ಪ್ರಕೃತಿಯ ಬಂಡವಾಳ ಕರಗಿದರೂ ಮನುಷ್ಯ ನಿರ್ಮಿತ ಬಂಡವಾಳ ಅಷ್ಟೇ ಬೆಳೆದರೆ ಸಾಕು ಎಂಬ ನಿಲುವು.

ಪೆಸಿಫಿಕ್ ಸಾಗರದ ನಾವುರು ದ್ವೀಪ ಈ ನಿಲುವಿನ ಪ್ರಯೋಗಶಾಲೆಯಂತಿತ್ತು. ಕೇವಲ 21 ಚದರ ಕಿಲೋಮೀಟರ್ ವಿಸ್ತೀರ್ಣದ ಆ ದೇಶ ತನ್ನ ಫಾಸ್ಫೇಟ್ ಅಗೆದು ಮಾರಿ, 1970ರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. ಹಣವನ್ನು ಭವಿಷ್ಯಕ್ಕಾಗಿ ನಿಧಿಯಲ್ಲೂ ಇಟ್ಟಿತು. ನಿಧಿ ಕೆಟ್ಟ ಹೂಡಿಕೆಗಳಲ್ಲಿ ಕರಗಿತು. ದ್ವೀಪದ ನಡುಭಾಗ ಇಂದು ಸುಣ್ಣಕಲ್ಲಿನ ಮೊನಚು ಕಂಬಗಳ ಬಯಲು. ನಿಧಿ ಚೆನ್ನಾಗಿ ನಿಭಾಯಿಸಿದ್ದರೂ ಆ ಬಯಲಿನಲ್ಲಿ ಮಣ್ಣು ಹುಟ್ಟುತ್ತಿರಲಿಲ್ಲ ಎಂಬುದು ಇಲ್ಲಿನ ಅಂಶ. ಶೋಲಾ ಹುಲ್ಲುಗಾವಲಿಗೂ ಇದೇ ಮಾತು ಅನ್ವಯಿಸುತ್ತದೆ. ಅಗೆದ ಇಳಿಜಾರಿನಲ್ಲಿ ಅಕೇಶಿಯ ಬೆಳೆಸಬಹುದು, ಹಸಿರು ಕಾಣಬಹುದು. ಶೋಲಾ ಕಾಡು ಮತ್ತು ಅದರ ಸ್ಪಂಜಿನಂಥ ಮಣ್ಣು ನೆಡುತೋಪಿನಿಂದ ಬರುವುದಿಲ್ಲ.

ಎಷ್ಟು ಕಾಲಕ್ಕೆ?

ಕಾಲದ ಪ್ರಶ್ನೆಯಲ್ಲಿ ಇನ್ನೂ ದೊಡ್ಡ ಮೋಸ ಅಡಗಿದೆ. ಇದು ಯಾರೂ ಬೇಕೆಂದು ಮಾಡಿದ್ದಲ್ಲ. ಲೆಕ್ಕದ ಪದ್ಧತಿಯಲ್ಲೇ ಇದೆ. ಯೋಜನೆಗಳ ಲಾಭನಷ್ಟ ತೂಗುವಾಗ ಭವಿಷ್ಯದ ಮೊತ್ತವನ್ನು ಇಂದಿನ ಮೌಲ್ಯಕ್ಕೆ ಇಳಿಸುತ್ತಾರೆ. ಇದು ಚಕ್ರಬಡ್ಡಿಯ ಲೆಕ್ಕವನ್ನು ತಿರುಗಿಸಿದಂತೆ. 50 ವರ್ಷಗಳ ನಂತರ ಆಗುವ 100 ರೂಪಾಯಿ ಹಾನಿಗೆ ಶೇ. 10ರ ದರದಲ್ಲಿ ಇಂದಿನ ಮೌಲ್ಯ ಎಷ್ಟು? 100ನ್ನು 1.1ರ 50ನೆಯ ಘಾತದಿಂದ ಭಾಗಿಸಿ. ಉತ್ತರ 85 ಪೈಸೆ. ದರ ಶೇ. 4 ಎಂದು ಹಿಡಿದರೆ ಸುಮಾರು 14 ರೂಪಾಯಿ. ಅದೇ ಹಾನಿ, ಅದೇ ವರ್ಷ. ದರ ಬದಲಾಯಿಸಿದ್ದಕ್ಕೆ ಮೌಲ್ಯ ಹದಿನಾರು ಪಟ್ಟು ಹೆಚ್ಚಿತು. ಯಾವ ದರ ಸರಿ ಎಂದು ಪ್ರಕೃತಿ ಹೇಳುವುದಿಲ್ಲ, ಸಮಿತಿಗಳು ಹೇಳುತ್ತವೆ. ತಕ್ಕಡಿಗೆ ವಸ್ತು ಇಡುವ ಮೊದಲೇ ತೂಕ ತೀರ್ಮಾನವಾಗಿರುತ್ತದೆ.

ಕುದುರೆಮುಖದಲ್ಲಿ ಗಣಿ ನಡೆದದ್ದು ಸುಮಾರು 25 ವರ್ಷ. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಕೆಸರಿಗೆ ಅಂಥ ಅವಧಿ ಇಲ್ಲ. ಗಣಿ ನಿಂತು ಎರಡು ದಶಕಗಳಾದರೂ ಕಟ್ಟೆ ಅಲ್ಲೇ ಇದೆ, ಮಳೆಗಾಲ ಪ್ರತಿವರ್ಷ ಬರುತ್ತದೆ. ಕಟ್ಟೆಯನ್ನು ನೋಡಿಕೊಳ್ಳುವ ಖರ್ಚು ಆದಾಯವಿಲ್ಲದ ಖರ್ಚು. ಕಬ್ಬಿಣ ಗಣಿಯ ಕೆಸರು ಕಟ್ಟೆಗಳು ಒಡೆದರೆ ಏನಾಗುತ್ತದೆಂದು ಬ್ರೆಜಿಲ್ ತೋರಿಸಿದೆ: 2015ರಲ್ಲಿ ಮರಿಯಾನಾ ಬಳಿ 19 ಸಾವು, 2019ರಲ್ಲಿ ಬ್ರುಮಾಡಿನ್ಯೋದಲ್ಲಿ 270. ಅವು ಕೆಸರಿನ ಮೇಲೇ ಎತ್ತರಿಸುತ್ತ ಹೋದ ಜಾತಿಯ ಕಟ್ಟೆಗಳು; ಎಲ್ಲ ಕಟ್ಟೆಗೂ ಅದೇ ಗತಿ ಎನ್ನುವುದು ತಪ್ಪು. ಆದರೆ ಕಟ್ಟೆ ಎಷ್ಟು ಗಟ್ಟಿಯಾಗಿದ್ದರೂ ಅದರ ಕಾವಲು ಶತಮಾನಗಳ ಕೆಲಸ. ಆ ಕೆಲಸ 30 ವರ್ಷಗಳ ಗುತ್ತಿಗೆ ಪತ್ರದ ಒಳಗೆ ಹಿಡಿಸುವುದಿಲ್ಲ.

ಗಡಿ ಎಲ್ಲಿ? ಸಮಾಜ ಎಂದರೆ ಯಾರು?

ನನ್ನ ದೃಷ್ಟಿಯಲ್ಲಿ ಚಿತ್ರದ ಅತ್ಯಂತ ದುರ್ಬಲ ವೃತ್ತ ‘ಸಮಾಜ’. ಅದು ಒಂದೇ ಬಳೆಯೊಳಗೆ ಎಲ್ಲರನ್ನೂ ಕೂಡಿಹಾಕುತ್ತದೆ. ಕುದುರೆಮುಖದಲ್ಲಿ ಕನಿಷ್ಠ ಮೂರು ಸಮಾಜಗಳಿದ್ದವು.

ಮೊದಲನೆಯದು ಗಣಿ ಪಟ್ಟಣ. ನೌಕರರು, ಗುತ್ತಿಗೆ ಕಾರ್ಮಿಕರು, ಅಂಗಡಿಯವರು. 2005ರ ನಂತರ ಈ ಊರು ಖಾಲಿಯಾಗುತ್ತ ಹೋಯಿತು. ಶಾಲೆಯ ಮಕ್ಕಳು ಬೇರೆ ಊರು ಸೇರಿದರು, ಮನೆಗಳಿಗೆ ಬೀಗ ಬಿತ್ತು. ಗಣಿ ಎಂದಾದರೊಂದು ದಿನ ಮುಗಿಯುವುದು ಮೊದಲ ದಿನವೇ ಗೊತ್ತಿದ್ದ ವಿಷಯ. ಮುಗಿದ ಮೇಲೆ ಈ ಜನ ಏನು ಮಾಡಬೇಕೆಂಬ ಯೋಜನೆ ಮಾತ್ರ ಮೊದಲ ದಿನದ ಯೋಜನೆಯಲ್ಲಿ ಇರಲಿಲ್ಲ.

ಎರಡನೆಯದು ಕಾಡಿನೊಳಗಿನ ಸಮಾಜ. ಮಲೆಕುಡಿಯರು ಮತ್ತು ಇತರ ಸಣ್ಣ ರೈತರು. ಗಣಿ ಬಂದಾಗ ಅವರನ್ನು ಕೇಳಲಿಲ್ಲ. ರಾಷ್ಟ್ರೀಯ ಉದ್ಯಾನ ಬಂದಾಗಲೂ ಕೇಳಲಿಲ್ಲ. ಹೀಗಾಗಿ ಗಣಿಯನ್ನೂ ಉದ್ಯಾನವನ್ನೂ ಒಟ್ಟಿಗೆ ವಿರೋಧಿಸಿದ ಜನ ಅಲ್ಲಿದ್ದರು. ಈ ನಿಲುವನ್ನು ‘ಪರಿಸರವೋ ಅಭಿವೃದ್ಧಿಯೋ’ ಎಂಬ ಪ್ರಶ್ನೆ ಹಿಡಿದು ಹೊರಟವರಿಗೆ ಅರ್ಥ ಮಾಡಿಕೊಳ್ಳಲಾಗಲಿಲ್ಲ. ಒಕ್ಕಲೆಬ್ಬಿಸುತ್ತಾರೆಂಬ ಆತಂಕದ ಆ ವರ್ಷಗಳಲ್ಲೇ ನಕ್ಸಲ್ ಚಳವಳಿ ಆ ಕಾಡುಗಳಲ್ಲಿ ಕಾಲೂರಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದರು. ಗಣಿ ಮುಚ್ಚಿದ್ದನ್ನು ಪರಿಸರದ ಗೆಲುವೆಂದು ಬರೆಯುವವರು ಈ ಪುಟವನ್ನೂ ಓದಬೇಕು. ಮುಚ್ಚಿದ್ದು ಸರಿ ಎಂದು ನಂಬುವ ನಾನೂ ಓದಬೇಕು.

ಮೂರನೆಯ ಸಮಾಜ ಗಣಿಯನ್ನು ಕಣ್ಣಿಂದ ಕಂಡೇ ಇಲ್ಲ. ಭದ್ರಾ ನದಿ ಗಣಿ ಪ್ರದೇಶ ದಾಟಿ ಲಕ್ಕವಳ್ಳಿಯ ಜಲಾಶಯ ಸೇರುತ್ತದೆ. 71.5 ಟಿಎಂಸಿ ಅಡಿ ಸಾಮರ್ಥ್ಯದ ಆ ಜಲಾಶಯ ಶಿವಮೊಗ್ಗ, ದಾವಣಗೆರೆ ಮುಂತಾದ ಜಿಲ್ಲೆಗಳ ಸುಮಾರು ಒಂದು ಲಕ್ಷ ಹೆಕ್ಟೇರ್ ಭೂಮಿಗೆ ನೀರು ಕೊಡುತ್ತದೆ. ಜಗದೀಶ್ ಕೃಷ್ಣಸ್ವಾಮಿ, ಉಲ್ಲಾಸ ಕಾರಂತ ಮತ್ತು ಸಂಗಡಿಗರು ಮಳೆಗಾಲದಲ್ಲಿ ನದಿಯ ತೇಲುಹೂಳನ್ನು ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಜಲಾನಯನದ ವಿಸ್ತೀರ್ಣದಲ್ಲಿ ಗಣಿಯ ಪಾಲು ತೀರ ಸಣ್ಣದು. ನದಿ ಹೊತ್ತ ಹೂಳಿನಲ್ಲಿ ಅದರ ಪಾಲು ಹೋಲಿಕೆಯೇ ಇಲ್ಲದಷ್ಟು ದೊಡ್ಡದು. ಇನ್ನೊಂದು ವಿಷಯ: ಹೂಳಿನ ಬಹುಭಾಗ ಹರಿಯುವುದು ಕೆಲವೇ ಭಾರಿ ಮಳೆಯ ದಿನಗಳಲ್ಲಿ. ತಿಂಗಳಿಗೊಮ್ಮೆ, ಮಳೆ ಬಿಟ್ಟ ದಿನ ಹೋಗಿ ನೀರು ತುಂಬಿಕೊಂಡು ಬಂದರೆ ನದಿ ಶುಭ್ರವಾಗಿಯೇ ಕಾಣುತ್ತದೆ. ಅಳೆದಿದ್ದೇವೆ ಎಂಬ ಉತ್ತರಕ್ಕೆ ‘ಯಾವ ದಿನ?’ ಎಂಬ ಮರುಪ್ರಶ್ನೆ ಹಾಕುವುದನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕಿದೆ.

ಗಡಿಯನ್ನು ಇನ್ನೂ ಸ್ವಲ್ಪ ಹಿಗ್ಗಿಸೋಣ. ಗಣಿ ನಿಂತರೂ ಅದಿರನ್ನು ಪೆಲೆಟ್ ಎಂಬ ಉಂಡೆಗಳಾಗಿ ಕಟ್ಟುವ ಮಂಗಳೂರಿನ ಘಟಕ ನಿಲ್ಲಲಿಲ್ಲ. ಅದಕ್ಕೆ ಅದಿರು ಛತ್ತೀಸಗಢ ಮೊದಲಾದ ಕಡೆಗಳಿಂದ ಬರತೊಡಗಿತು. ಕುದುರೆಮುಖದ ಬೆಟ್ಟ ಉಳಿಯಿತು, ಇನ್ನೊಂದು ಬೆಟ್ಟ ಕರಗಿತು. ಇದರಿಂದ ಮುಚ್ಚಿದ್ದು ತಪ್ಪೆಂದಾಗುವುದಿಲ್ಲ. ಭಾರಿ ಮಳೆಯ ನದಿಮೂಲದಲ್ಲಿ ಅಗೆಯುವುದಕ್ಕೂ ಬೇರೆಡೆ ಅಗೆಯುವುದಕ್ಕೂ ವ್ಯತ್ಯಾಸವಿದೆ. ಆದರೆ ನಾವು ಬಳಸುವ ಉಕ್ಕು ಕಡಿಮೆಯಾಗದಿದ್ದರೆ ವೃತ್ತದ ಒಳಗಿನ ಸಮತೋಲನ ಇನ್ನಾರದೋ ವೃತ್ತದ ಖರ್ಚಿನಲ್ಲಿ ನಡೆಯುತ್ತದೆ.

ಬೇರೆ ಚಿತ್ರವಿದೆಯೇ?

ಮೂರು ವೃತ್ತಗಳ ಪರವಾಗಿಯೂ ಹೇಳಬೇಕಾದದ್ದಿದೆ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ಹೊತ್ತಿಗೆ ಶ್ರೀಮಂತ ದೇಶಗಳ ಪರಿಸರ ಚಿಂತನೆಯಲ್ಲಿ ಬಡವರಿಗೆ ಜಾಗವೇ ಇರಲಿಲ್ಲ. ಬಡತನವನ್ನು ಬದಿಗಿಟ್ಟು ಪರಿಸರದ ಮಾತಾಡಲಾಗದು ಎಂದು ಇಂದಿರಾ ಗಾಂಧಿ ಅಲ್ಲಿ ವಾದಿಸಬೇಕಾಯಿತು. ‘ಸಮಾಜ’ ಎಂಬ ವೃತ್ತ ಚಿತ್ರದಲ್ಲಿ ಸೇರಿದ್ದೇ ಒಂದು ಸಾಧನೆ. ಕಾರ್ಖಾನೆಯವರು, ಅರಣ್ಯದವರು, ಹಳ್ಳಿಯವರು ಒಂದೇ ಮೇಜಿನ ಸುತ್ತ ಕೂರಲು ಇಂಥ ಚಿತ್ರ ನೆಪವಾಗುವುದಾದರೆ ಆಗಲಿ.

ತರಗತಿಗೆ ಮಾತ್ರ ಇದಕ್ಕಿಂತ ಉತ್ತಮವಾದವು ಇವೆ. ವೃತ್ತಗಳನ್ನು ಅಕ್ಕಪಕ್ಕ ಇಡದೆ ಒಂದರೊಳಗೊಂದು ಇಡಬಹುದು: ಹೊರಗೆ ಜೀವಗೋಳ, ಅದರೊಳಗೆ ಸಮಾಜ, ಅದರೊಳಗೆ ಅರ್ಥವ್ಯವಸ್ಥೆ. 2016ರಲ್ಲಿ ಯೋಹಾನ್ ರಾಕ್‌ಸ್ಟ್ರಾಮ್ ಮತ್ತು ಪವನ್ ಸುಖದೇವ್ ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಇದೇ ಕ್ರಮದಲ್ಲಿ, ಅಂತಸ್ತುಗಳಿರುವ ಕೇಕಿನಂತೆ ಜೋಡಿಸಿ ತೋರಿಸಿದರು. ಛೇದಿಸುವ ವೃತ್ತಗಳಲ್ಲಿ ‘ಅರ್ಥವ್ಯವಸ್ಥೆ’ಯ ದೊಡ್ಡ ಭಾಗ ಪರಿಸರದ ಹೊರಗೇ ಇರುತ್ತದೆ. ಅಂಥ ಅರ್ಥವ್ಯವಸ್ಥೆ ಎಲ್ಲಿದೆಯೆಂದು ಮಕ್ಕಳನ್ನೇ ಕೇಳಿ ನೋಡಿ. ಬ್ಯಾಂಕು ಎಂದು ಯಾರಾದರೂ ಹೇಳಿಯಾರು; ಅಲ್ಲಿನ ವಿದ್ಯುತ್ತು, ಕಾಗದ, ನೌಕರರ ಊಟ ಎಲ್ಲಿಂದ ಬಂತೆಂದು ಮುಂದುವರಿಸಬಹುದು.

ಒಳಚಿತ್ರಕ್ಕೂ ಅಂಕಿ ಬೇಕು. ಅದಕ್ಕೆ ಹರ್ಮನ್ ಡೇಲಿ ಅವರ ನಿಯಮಗಳು ನೆರವಾಗುತ್ತವೆ. ವಿಶ್ವಬ್ಯಾಂಕಿನಲ್ಲೂ ಕೆಲಸ ಮಾಡಿದ್ದ ಈ ಅರ್ಥಶಾಸ್ತ್ರಜ್ಞ ಹೇಳಿದ್ದು ಮೂರು ದರಗಳ ಬಗ್ಗೆ. ಮತ್ತೆ ಹುಟ್ಟುವ ಸಂಪನ್ಮೂಲವನ್ನು ಅದು ಹುಟ್ಟುವ ದರಕ್ಕಿಂತ ವೇಗವಾಗಿ ಬಳಸಬಾರದು. ತ್ಯಾಜ್ಯವನ್ನು ಪರಿಸರ ಜೀರ್ಣಿಸಿಕೊಳ್ಳುವ ದರಕ್ಕಿಂತ ವೇಗವಾಗಿ ಹೊರಬಿಡಬಾರದು. ಮತ್ತೆ ಹುಟ್ಟದ ಸಂಪನ್ಮೂಲವನ್ನು ಅದರ ಬದಲಿ ತಯಾರಾಗುವ ದರಕ್ಕಿಂತ ವೇಗವಾಗಿ ಮುಗಿಸಬಾರದು. ಇವು ದರಗಳಾದ್ದರಿಂದ ಅಳೆಯಬಹುದು, ತಪ್ಪೆಂದು ತೋರಿಸಬಹುದು. ಒಂದು ಟನ್ನಿಗೆ ಎರಡು ಟನ್ ಕೆಸರು ಎಂಬ ಮೇಲಿನ ಅನುಪಾತವನ್ನು ಎರಡನೆಯ ನಿಯಮದ ಪಕ್ಕದಲ್ಲಿಟ್ಟು ವಿದ್ಯಾರ್ಥಿಗಳೇ ತೀರ್ಪು ಬರೆಯಲಿ. ಡೇಲಿ ಅವರ ನಿಯಮಗಳಲ್ಲೂ ಒಂದು ಕೊರತೆ ಇದೆ. ಯಾರಿಗೆ ಎಷ್ಟು ಎಂಬ ಹಂಚಿಕೆಯನ್ನು ಅವು ಹೇಳುವುದಿಲ್ಲ. ಮಲೆಕುಡಿಯರ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಅದು 2006ರ ಅರಣ್ಯ ಹಕ್ಕು ಕಾಯ್ದೆಯಂಥ ಕಡೆ ಸಿಗಬೇಕಾದ ಉತ್ತರ.

ಪ್ರಶ್ನೆ ಹಳೆಯದಾಗಿಲ್ಲ. ಅದೇ ಕಂಪನಿಗೆ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ದೇವದಾರಿ ಬೆಟ್ಟಸಾಲಿನಲ್ಲಿ ಗಣಿ ಮಂಜೂರಾಗಿದೆ. ಸುಮಾರು 400 ಹೆಕ್ಟೇರ್ ಅರಣ್ಯ ಅದರಲ್ಲಿ ಸೇರಿದೆ. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು, ಕುದುರೆಮುಖದ ಹಳೆಯ ಬಾಕಿಗಳು ತೀರುವವರೆಗೆ ಅರಣ್ಯಭೂಮಿ ಹಸ್ತಾಂತರಿಸಬಾರದೆಂದು ಸೂಚಿಸಿದರು. ಗಣಿಯ ಪರವಾಗಿ ಮಂಗಳೂರು ಘಟಕದ ನೌಕರರ ಉದ್ಯೋಗದ ಮಾತು ಬಂತು, ವಿರುದ್ಧವಾಗಿ ಮರಗಳ ಮಾತು ಬಂತು. ಸಮತೋಲನದ ಮಾತನ್ನು ಎರಡೂ ಕಡೆಯವರು ಆಡಿದರು.

ನಿಮ್ಮ ಶಾಲೆಯ ಹತ್ತಿರ ಗಣಿ ಇರಲಿಕ್ಕಿಲ್ಲ. ಹಳ್ಳವೊಂದು ಇದ್ದೇ ಇರುತ್ತದೆ, ಅದರ ಮೇಲ್ಭಾಗದಲ್ಲಿ ಕಲ್ಲು ಕ್ವಾರಿಯೋ, ರಸ್ತೆ ಅಗಲೀಕರಣವೋ, ಹೊಸ ಬಡಾವಣೆಯೋ ನಡೆದಿರುತ್ತದೆ. ಮೊದಲ ದೊಡ್ಡ ಮಳೆಯ ದಿನ ಸೇತುವೆಯ ಮೇಲಿಂದ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ನೀರು ಎತ್ತಿಸಿ. ಯಾವ ವಿದ್ಯಾರ್ಥಿಯೂ ನೀರಿಗಿಳಿಯುವುದು ಬೇಡ. ಒಂದು ಲೀಟರನ್ನು ಮೊದಲೇ ಒಣಗಿಸಿ ತೂಗಿದ ಸೋಸುಕಾಗದದಲ್ಲಿ ಸೋಸಿ, ಮತ್ತೆ ಒಣಗಿಸಿ ತೂಗಿ. ತಕ್ಕಡಿ ಅಷ್ಟು ಸೂಕ್ಷ್ಮವಿಲ್ಲದಿದ್ದರೆ ಹತ್ತು ಲೀಟರನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿನೀರು ಬಗ್ಗಿಸಿ, ತಳದ ಕೆಸರನ್ನಷ್ಟೇ ಸೋಸಿ. ಹಳ್ಳದ ಅಗಲ ಮತ್ತು ಆಳವನ್ನು ಬೇಸಿಗೆಯಲ್ಲೇ ಅಳೆದು ಸೇತುವೆಯ ಕಂಬದ ಮೇಲೆ ಗುರುತು ಹಾಕಿಡಿ. ವೇಗಕ್ಕೆ ತೇಲುವ ತೆಂಗಿನಕಾಯಿ ಸಾಕು. ಮೇಲ್ಮೈ ವೇಗ ಸರಾಸರಿಗಿಂತ ಹೆಚ್ಚಿರುವುದರಿಂದ ಅದನ್ನು 0.85ರಿಂದ ಗುಣಿಸಿ. ಅಗಲ 3 ಮೀಟರ್, ಆಳ ಅರ್ಧ ಮೀಟರ್, ಸರಾಸರಿ ವೇಗ ಸೆಕೆಂಡಿಗೆ 0.8 ಮೀಟರ್ ಬಂದರೆ ಸೆಕೆಂಡಿಗೆ 1.2 ಘನ ಮೀಟರ್ ನೀರು. ಲೀಟರಿಗೆ 500 ಮಿಲಿಗ್ರಾಂ ಹೂಳಿದ್ದರೆ ಅದು ಸೆಕೆಂಡಿಗೆ 600 ಗ್ರಾಂ. ಹೀಗೇ ಹರಿದರೆ ದಿನಕ್ಕೆ ಸುಮಾರು 52 ಟನ್, ಅಂದರೆ ಹತ್ತು ಟನ್ನಿನ ಐದು ಲಾರಿ ಮಣ್ಣು. ಆ ಅಂಕಿಯನ್ನು ದಿನಾಂಕದ ಸಮೇತ ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಮೂರು ವೃತ್ತಗಳನ್ನು ಬಿಡಿಸಿ, ಆ ಐದು ಲಾರಿಗಳನ್ನು ಯಾವ ವೃತ್ತದಲ್ಲಿ ನಿಲ್ಲಿಸಬೇಕೆಂದು ತರಗತಿಯನ್ನು ಕೇಳಿ.